ಸ್ಪ್ಯಾನಿಷ್ ಭಾಷೆಯ ಸ್ವಾಮ್ಯಸೂಚಕ ಸರ್ವನಾಮಗಳು

ಒಡೆತನ ಹೇಳುವ ಸ್ಪ್ಯಾನಿಷ್ ಪದಗಳ ಲಿಂಗ, ವಚನಗಳನ್ನು ನಿರ್ಧರಿಸುವುದು ಒಡೆಯನಲ್ಲ, ಒಡೆತನಕ್ಕೊಳಗಾದ ವಸ್ತು. 'ಕಾಸಾ' (ಮನೆ) ಸ್ತ್ರೀಲಿಂಗ. ಹಾಗಾಗಿ ಗಂಡಸರು ಹೇಳಿದರೂ ಹೆಂಗಸರು ಹೇಳಿದರೂ ನಮ್ಮ ಮನೆ 'ನುಯೆಸ್ತ್ರಾ ಕಾಸಾ'. 'ಲಿಬ್ರೊ' (ಪುಸ್ತಕ) ಪುಲ್ಲಿಂಗವಾದ್ದರಿಂದ ಅದು 'ನುಯೆಸ್ತ್ರೊ ಲಿಬ್ರೊ'. ನಾಮಪದಕ್ಕೆ ಮೊದಲು ಬರುವ 'ಮಿ', 'ತು', 'ಸು' ವಚನಕ್ಕಷ್ಟೇ ಬದಲಾಗುತ್ತವೆ. ನಾಮಪದದ ಸ್ಥಾನದಲ್ಲಿ ನಿಲ್ಲುವ 'ಮೀಯೊ', 'ತೂಯೊ', 'ಸೂಯೊ' ಲಿಂಗಕ್ಕೂ ಬಾಗುತ್ತವೆ. ಕನ್ನಡಿಗರಿಗೆ ಇದು ತೀರಾ ಅಪರಿಚಿತವಲ್ಲ. ನಮ್ಮ 'ನನ್ನ' ಬದಲಾಗದಿದ್ದರೂ 'ನನ್ನದು', 'ನನ್ನವು' ವಸ್ತುವನ್ನೇ ಅನುಸರಿಸುತ್ತವೆ.

'ಸು ಕಾಸಾ' ಎಂದರೆ ಅವನ, ಅವಳ, ಅವರ, ನಿಮ್ಮ ಮನೆ ಎಂದೆಲ್ಲ ಆಗುವುದರಿಂದ ಈ ವ್ಯವಸ್ಥೆ ಅಸ್ಪಷ್ಟವೆಂಬ ಆಕ್ಷೇಪವಿದೆ. ಆಕ್ಷೇಪ ನಿಜ, ಆದರೆ ಅದು ಚರಿತ್ರೆಯ ಫಲ. ಲ್ಯಾಟಿನ್ನಿನ 'ಸುಉಸ್' ವಾಕ್ಯದ ಕರ್ತೃವಿನದನ್ನು ಸೂಚಿಸುತ್ತಿತ್ತು, ಬೇರೆಯವನದಕ್ಕೆ 'ಏಯುಸ್' ಇತ್ತು. ಸ್ಪ್ಯಾನಿಷ್‌ನಲ್ಲಿ 'ಏಯುಸ್' ಅಳಿದು ಎರಡೂ ಹೊರೆ 'ಸು' ಮೇಲೆ ಬಿತ್ತು. 'ವುಯೆಸ್ತ್ರಾ ಮೆರ್ಸೆದ್' ಎಂಬ ಗೌರವದ ಸಂಬೋಧನೆ ಸವೆದು 'ಉಸ್ತೆದ್' (ತಾವು) ಆದಾಗ, ಅದು ಪ್ರಥಮ ಪುರುಷದ ರೂಪಗಳನ್ನು ಬೇಡುವುದರಿಂದ, ಅದರ ಸ್ವಾಮ್ಯವೂ 'ಸು' ಪಾಲಿಗೆ ಬಂತು. ಗೊಂದಲವಾಗುವಲ್ಲಿ ಭಾಷೆಯೇ ಪರಿಹಾರ ಕೊಟ್ಟಿದೆ: 'ಲಾ ಕಾಸಾ ದೆ ಎಯಾ' ಅವಳ ಮನೆಯೇ ಹೊರತು ಬೇರೆಯವರದಲ್ಲ. ನಿಜವಾಗಿ ಕಲಿಯುವವರು ಎಡವುವುದು ಅತಿಬಳಕೆಯಲ್ಲಿ. ಕೈ ತೊಳೆದುಕೊಳ್ಳುತ್ತೇನೆ ಎನ್ನಲು 'ಮೆ ಲಾವೊ ಲಾಸ್ ಮಾನೊಸ್' ಸಾಕು. ಕನ್ನಡದಂತೆಯೇ ಅಲ್ಲಿಯೂ 'ನನ್ನ' ಎಂಬ ಪದವಿಲ್ಲ.