ಕಂಠಕ್ಕೆ ಆರು ವಾರದ ಮೌನ

ಕಂಠಶೋಷಣೆ ಎಂಬ ಮಾತನ್ನು ನಾವು ವ್ಯರ್ಥವಾದ ಮಾತುಗಾರಿಕೆಗೆ ಬಳಸುತ್ತೇವೆ. ಆದರೆ ಗಾಯಕರು, ನಟರು, ನನ್ನಂತಹ ಅಧ್ಯಾಪಕರು, ಇವರ ಪಾಲಿಗೆ ಅದು ಅಕ್ಷರಶಃ ನಿಜವಾದ ಸಂಕಟ. ಹಳಗನ್ನಡ ಕಾವ್ಯವನ್ನು ಕೊನೆಯ ಬೆಂಚಿನವರೆಗೆ ಮುಟ್ಟಿಸುತ್ತ ಆಯುಷ್ಯ ಕಳೆದ ನನಗೆ, ಹತ್ತೊಂಬತ್ತನೆಯ ಶತಮಾನದ ಒಂದು ಪ್ರಸಂಗ ವಿಶೇಷವಾಗಿ ಪ್ರಿಯವಾದುದು.

ಸ್ವೀಡನ್ನಿನ ಜೆನ್ನಿ ಲಿಂಡ್ ಬಾಲ್ಯದಲ್ಲಿಯೇ ಸ್ಟಾಕ್‌ಹೋಮ್‌ನ ರಾಜರಂಗಶಾಲೆಯನ್ನು ಸೇರಿದವಳು. 1838ರಿಂದ ಅಲ್ಲಿ ಗೀತನಾಟಕಗಳ ನಾಯಕಿ. ಜನ ಮೆಚ್ಚಿದರು, ಮೆಚ್ಚಿದಷ್ಟೂ ಹಾಡಿಸಿದರು. 1841ರಲ್ಲಿ ಆಕೆ ಪ್ಯಾರಿಸ್ಸಿಗೆ ಬಂದು ಮ್ಯಾನ್ಯುಯೆಲ್ ಗಾರ್ಸಿಯಾ ಎಂಬ ಗುರುವಿನ ಮುಂದೆ ನಿಂತಾಗ ಇನ್ನೂ ಇಪ್ಪತ್ತರ ತರುಣಿ, ಕಂಠ ಮಾತ್ರ ಸವೆದುಹೋಗಿತ್ತು. ಆಕೆಯ ಹಾಡನ್ನು ಕೇಳಿದ ಗಾರ್ಸಿಯಾ, ಈ ಸ್ಥಿತಿಯಲ್ಲಿ ಪಾಠ ಹೇಳುವುದು ನಿಷ್ಪ್ರಯೋಜಕವೆಂದು ಬಿಟ್ಟನು. ಆರು ವಾರ ಒಂದು ಸ್ವರವನ್ನೂ ಹಾಡಕೂಡದು, ಮಾತನ್ನೂ ಆದಷ್ಟು ಕಡಿಮೆ ಮಾಡಬೇಕು, ಆಮೇಲೆ ಬಾ ಎಂದನು.

ಹಾಡೇ ಜೀವನವಾದವಳಿಗೆ, ಪರದೇಶದಲ್ಲಿ, ಆ ಆರು ವಾರ ಹೇಗೆ ಕಳೆದಿರಬೇಕು! ಆಕೆ ಫ್ರೆಂಚ್ ಭಾಷೆಯನ್ನು ಕಲಿಯುತ್ತ ಕಾಲ ತಳ್ಳಿದಳು. ಅವಧಿ ಮುಗಿದ ಬಳಿಕ ಗುರು ಮತ್ತೆ ಕೇಳಿ, ವಾರಕ್ಕೆ ಎರಡು ಪಾಠಕ್ಕೆ ಒಪ್ಪಿದನು. ನಾಯಕಿಯಾಗಿ ಮೆರೆದವಳು ಆರೋಹಣ ಅವರೋಹಣಗಳನ್ನು ಮೆಲ್ಲಮೆಲ್ಲನೆ, ಮಗುವಿನಂತೆ, ಮೊದಲಿನಿಂದ ಕಲಿತಳು. 1842ರ ಅಕ್ಟೋಬರಿನಲ್ಲಿ ಸ್ಟಾಕ್‌ಹೋಮಿಗೆ ಹಿಂದಿರುಗಿ 'ನಾರ್ಮಾ'ದಲ್ಲಿ ಹಾಡಿದಳು. 1847ರಲ್ಲಿ ಲಂಡನ್, 1850ರಲ್ಲಿ ಅಮೆರಿಕ ಆಕೆಗೆ ಮರುಳಾದವು.

ಗಾರ್ಸಿಯಾನ ಈ ಕಟ್ಟುನಿಟ್ಟಿನ ಹಿಂದೆ ಅವನದೇ ನಷ್ಟವಿತ್ತು. ಪ್ರಸಿದ್ಧ ಗಾಯಕನ ಮಗ. 1825ರಲ್ಲಿ ತಂದೆಯ ತಂಡದೊಡನೆ ನ್ಯೂಯಾರ್ಕಿಗೆ ಹೋಗಿ ಹಾಡಿದವನು. ದಣಿದ ಕಂಠವನ್ನು ಬಿಡದೆ ದುಡಿಸಿದ್ದರಿಂದ ಇಪ್ಪತ್ತೈದರ ಹೊತ್ತಿಗೇ ರಂಗವನ್ನು ತ್ಯಜಿಸಬೇಕಾಯಿತು. ಬೇರೊಬ್ಬನಾಗಿದ್ದರೆ ವಿಧಿಯನ್ನು ಹಳಿದು ಸುಮ್ಮನಾಗುತ್ತಿದ್ದನೇನೋ. ಇವನು ಸೇನಾ ಆಸ್ಪತ್ರೆಗಳಿಗೆ ಹೋಗಿ ಗಂಟಲಿನ ರಚನೆಯನ್ನು ಅಭ್ಯಾಸ ಮಾಡಿದನು.

ಮುಂದೆ 1854ರಲ್ಲಿ, ಪ್ಯಾರಿಸ್ಸಿನ ಪಲೇ ರಾಯಲ್ ಆವರಣದಲ್ಲಿ ಅಡ್ಡಾಡುತ್ತಿದ್ದಾಗ, ಕಿಟಕಿಯ ಗಾಜುಗಳಲ್ಲಿ ಬಿಸಿಲು ಮಿಂಚಿದ್ದನ್ನು ಕಂಡು ಅವನಿಗೊಂದು ಹಂಚಿಕೆ ಹೊಳೆಯಿತು. ಹಲ್ಲಿನ ವೈದ್ಯರು ಬಳಸುವ ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಕೊಂಡು, ಬೆಚ್ಚಗೆ ಮಾಡಿ, ಕಿರುನಾಲಗೆಗೆ ಒತ್ತಿ ಹಿಡಿದನು. ಇನ್ನೊಂದು ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬೀಳಿಸಿದನು. ತನ್ನದೇ ಧ್ವನಿತಂತುಗಳು ತೆರೆದು ಮುಚ್ಚುವುದು ಅವನಿಗೆ ಕಂಡಿತು! ಅಂತಹ ಪ್ರಯತ್ನ ಮಾಡಿದವರು ಮೊದಲೂ ಇದ್ದರು; ಧ್ವನಿ ಹುಟ್ಟುವ ಬಗೆಯನ್ನು ಕಂಡು ಕ್ರಮವಾಗಿ ವಿವರಿಸಿದ ಕೀರ್ತಿ ಈ ಸಂಗೀತದ ಮೇಷ್ಟರದು. ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ 1855ರಲ್ಲಿ ಅವನ ಪ್ರಬಂಧ ಮಂಡಿತವಾಯಿತು. ವೈದ್ಯರು ಬೇಗನೆ ಆ ಕನ್ನಡಿಯನ್ನು ಕೈಗೆತ್ತಿಕೊಂಡರು.

ಹಾಡುವಾಗ, ಮಾತನಾಡುವಾಗ ಆ ಎರಡು ಪುಟ್ಟ ಮಡಿಕೆಗಳು ಸೆಕೆಂಡಿಗೆ ನೂರಾರು ಬಾರಿ ಒಂದನ್ನೊಂದು ತಾಡಿಸುತ್ತವೆ. ಅತಿಯಾದರೆ ಊದಿಕೊಳ್ಳುತ್ತವೆ, ಆಗ ಸ್ವರ ಗೊಗ್ಗರಾಗುತ್ತದೆ. ಇಂದಿನ ವೈದ್ಯರು ಆರು ವಾರದಷ್ಟು ದೀರ್ಘ ಮೌನವನ್ನು ಸಾಮಾನ್ಯವಾಗಿ ವಿಧಿಸುವುದಿಲ್ಲ. ನೀರು ಕುಡಿಯಿರಿ, ಕೂಗಬೇಡಿ, ಗಂಟಲನ್ನು ಪದೇ ಪದೇ ಕ್ಯಾಕರಿಸಬೇಡಿ ಎನ್ನುತ್ತಾರೆ. ಒತ್ತಿ ಪಿಸುಗುಟ್ಟುವುದು ವಿಶ್ರಾಂತಿಯಲ್ಲವೆಂದೂ ಎಚ್ಚರಿಸುತ್ತಾರೆ. ಕಂಠ ಕಟ್ಟಿದಾಗ ಪಿಸುದನಿಯಲ್ಲಿಯೇ ಪಾಠ ಮುಗಿಸಿ ಕರ್ತವ್ಯನಿಷ್ಠೆಗೆ ಹಿಗ್ಗುವ ಮೇಷ್ಟರುಗಳು ಇದನ್ನು ಕೇಳಿಸಿಕೊಳ್ಳಬೇಕು.

ಜೆನ್ನಿ ಲಿಂಡ್ 1883ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ತಾನೇ ಅಧ್ಯಾಪಕಿಯಾದಳು. ಆಕೆ 1887ರಲ್ಲಿ ತೀರಿಕೊಂಡ ಮೇಲೂ ಗುರು ಬದುಕಿದ್ದನು. 1905ರಲ್ಲಿ ಅವನ ನೂರನೆಯ ಹುಟ್ಟುಹಬ್ಬಕ್ಕೆ ಲಂಡನ್ನಿನಲ್ಲಿ ಗಾಯಕರೂ ಗಂಟಲಿನ ವೈದ್ಯರೂ ಒಟ್ಟಿಗೆ ನೆರೆದು ಗೌರವ ಸಲ್ಲಿಸಿದರು.