ಜಾಜ್‌ನಲ್ಲಿ ಏಕವ್ಯಕ್ತಿ ಸುಷಿರವೃಂದ

ಒಬ್ಬನೇ ವಾದಕ ಹಲವು ಸುಷಿರವಾದ್ಯಗಳನ್ನು ಒಂದಾದ ಮೇಲೊಂದರಂತೆ ನುಡಿಸಿ, ಒಂದೊಂದನ್ನೂ ಪ್ರತ್ಯೇಕ ಟ್ರ್ಯಾಕ್‌ನಲ್ಲಿ ಮುದ್ರಿಸಿ, ಕೊನೆಗೆ ಎಲ್ಲವನ್ನೂ ಕೂಡಿಸಿ ಇಡೀ ಮೇಳದ ನಾದವನ್ನು ಪಡೆಯುವ ಜಾಜ್ ಪದ್ಧತಿ. ಇದಕ್ಕೆ ಓವರ್‌ಡಬ್ಬಿಂಗ್ ಅಥವಾ ಮಲ್ಟಿಟ್ರ್ಯಾಕ್ ಧ್ವನಿಮುದ್ರಣವೇ ಆಧಾರ. ಪಿಯಾನೊ, ಗಿಟಾರ್, ಕಂಠ ಇವುಗಳಲ್ಲೂ ಇದು ನಡೆದಿದೆ. ಆದರೆ ಸುಷಿರವಾದ್ಯಗಳಲ್ಲಿ, ಅದರಲ್ಲೂ ಅಪರೂಪದ ವಾದ್ಯಗಳಲ್ಲಿ, ಇದಕ್ಕೆ ಬೇರೆಯದೇ ಅಗತ್ಯವಿತ್ತು. ಪಿಯಾನೊ ನುಡಿಸುವವರು ಊರಿಗೆ ನೂರು ಮಂದಿ ಸಿಕ್ಕಾರು. ಸರುಸೋಫೋನ್ ನುಡಿಸುವ ಐವರನ್ನು ಒಂದು ಕೋಣೆಯಲ್ಲಿ ಕೂರಿಸುವುದು ದೊಡ್ಡ ನಗರಗಳಲ್ಲೂ ಕಷ್ಟ. ಹಾಗಾಗಿ ಒಡನಾಡಿಗಳಿಲ್ಲದ ವಾದ್ಯಕ್ಕೆ ಮೇಳ ಕಟ್ಟಿಕೊಟ್ಟದ್ದು ಧ್ವನಿಮುದ್ರಣ ಯಂತ್ರವೇ.

ಈ ವಾದ್ಯಗಳು ಹೇಗೆ ಅಪರೂಪವಾದವು ಎಂಬುದನ್ನು ಮೊದಲು ನೋಡಬೇಕು. ಬೆಲ್ಜಿಯಂನ ದಿನಾಂ ಊರಿನಲ್ಲಿ ಹುಟ್ಟಿದ ಅಡೋಲ್ಫ್ ಸಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಸ್ಯಾಕ್ಸೊಫೋನಿಗೆ ಪೇಟೆಂಟ್ ಪಡೆದ. ಅವನ ಕಲ್ಪನೆಯಲ್ಲಿದ್ದುದು ತಾರಸ್ಥಾಯಿಯ ಪುಟ್ಟ ವಾದ್ಯದಿಂದ ಆಳವಾದ ಮಂದ್ರದವರೆಗೆ ಹರಡಿದ ದೊಡ್ಡ ಕುಟುಂಬ. ಮೈ ಹಿತ್ತಾಳೆಯದಾದರೂ ನಾದ ಹುಟ್ಟುವುದು ಬೆತ್ತದ ರೀಡ್ ಕಂಪಿಸುವುದರಿಂದ. ಹೀಗಾಗಿ ಪಾಶ್ಚಾತ್ಯ ವರ್ಗೀಕರಣದಲ್ಲಿ ಇದು ಕ್ಲಾರಿನೆಟ್ಟಿನ ಜೊತೆಗೆ ಮರದ ಸುಷಿರವಾದ್ಯಗಳ ಸಾಲಿಗೇ ಸೇರುತ್ತದೆ. 1856ರಲ್ಲಿ ಫ್ರಾನ್ಸಿನ ತಯಾರಕ ಪಿಯರ್ ಲೂಯಿ ಗೋತ್ರೋ ಪೇಟೆಂಟ್ ಪಡೆದ ಸರುಸೋಫೋನ್ ಕೂಡ ಲೋಹದ್ದೇ, ಆದರೆ ನಮ್ಮ ನಾಗಸ್ವರದಂತೆ ಜೋಡಿ ರೀಡ್ ಇರುವಂಥದು. ಈ ಕುಟುಂಬಗಳ ಎಲ್ಲ ಸದಸ್ಯರಿಗೂ ಉದ್ಯೋಗ ಸಿಗಲಿಲ್ಲ. ಸಿಂಫನಿ ವಾದ್ಯವೃಂದ ಇವನ್ನು ಹೊರಗೇ ನಿಲ್ಲಿಸಿತು. 1930ರ ದಶಕದ ಸ್ವಿಂಗ್ ಬ್ಯಾಂಡು ಎರಡು ಆಲ್ಟೊ, ಎರಡು ಟೆನರ್, ಒಂದು ಬ್ಯಾರಿಟೋನ್ ಎಂಬ ಐದರ ಸಾಲಿಗೆ ಒಗ್ಗಿಹೋಯಿತು. ಸಿ-ಮೆಲಡಿ, ಸೊಪ್ರನಿನೊ, ಬಾಸ್, ಕಾಂಟ್ರಾಬಾಸ್‌ಗಳಿಗೆ ಆ ಸಾಲಿನಲ್ಲಿ ಕುರ್ಚಿಯಿಲ್ಲ. 1920ರ ದಶಕದ ಕೊನೆಯಲ್ಲಿ ಅಮೆರಿಕದ ಕಾನ್ ಕಂಪನಿ ಎಫ್ ಶ್ರುತಿಯ ಮೆಜೊ-ಸೊಪ್ರನೊ, ಕಾನ್-ಒ-ಸಾಕ್ಸ್ ಎಂಬ ಹೊಸ ಮಾದರಿಗಳನ್ನು ಹೊರತಂದಿತು. ಅಷ್ಟರಲ್ಲಿ 1929ರ ಆರ್ಥಿಕ ಕುಸಿತ ಬಂತು, ಅವುಗಳ ತಯಾರಿಕೆ ನಿಂತಿತು. ಉಳಿದವು ಅಟ್ಟ ಸೇರಿದವು, ಹಳೆಯ ಸಾಮಾನಿನ ಅಂಗಡಿ ಸೇರಿದವು.

ಜಾಜ್‌ನ ಮೊದಲ ತಲೆಮಾರಿನವರಿಗೆ ಈ ವಾದ್ಯಗಳ ಬಗ್ಗೆ ಮಡಿವಂತಿಕೆ ಇರಲಿಲ್ಲ. ವಿದ್ಯುತ್ ಮೈಕ್ ಬರುವ ಮೊದಲು ಧ್ವನಿಮುದ್ರಣದ ಕಹಳೆಗೆ ತಂತಿಬಾಸ್ ಸರಿಯಾಗಿ ಕೇಳಿಸುತ್ತಿರಲಿಲ್ಲ. ಬಾಸ್ ಸ್ಯಾಕ್ಸೊಫೋನ್ ಕೇಳಿಸುತ್ತಿತ್ತು. ಏಡ್ರಿಯನ್ ರೊಲಿನಿ ಅದರಲ್ಲಿ ಲಯದ ಜೊತೆಗೆ ಮನೋಧರ್ಮವನ್ನೂ ನುಡಿಸಿ ತೋರಿಸಿದ. ‘ಹಾಟ್ ಫೌಂಟನ್ ಪೆನ್’ ಎಂಬ ಪುಟಾಣಿ ಕ್ಲಾರಿನೆಟ್ಟನ್ನೂ, ಗೂಫಸ್ ಎಂಬ ಆಟಿಕೆಯಂಥ ವಾದ್ಯವನ್ನೂ ಅವನು ಬಿಡಲಿಲ್ಲ. 1924ರ ಡಿಸೆಂಬರಿನಲ್ಲಿ ಕ್ಲಾರೆನ್ಸ್ ವಿಲಿಯಮ್ಸ್‌ನ ತಂಡ ನ್ಯೂಯಾರ್ಕಿನಲ್ಲಿ ಮುದ್ರಿಸಿದ ‘ಮ್ಯಾಂಡಿ, ಮೇಕ್ ಅಪ್ ಯುವರ್ ಮೈಂಡ್’ ಎಂಬ ಹಾಡಿನಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್‌ನ ಕಾರ್ನೆಟ್ಟಿನ ಪಕ್ಕದಲ್ಲೇ ಸರುಸೋಫೋನಿನ ಏಕವಾದನವೊಂದು ಬರುತ್ತದೆ. ನುಡಿಸಿದವನು ಸಿಡ್ನಿ ಬೆಷೆ.

ಏಕವ್ಯಕ್ತಿ ವೃಂದದ ಇತಿಹಾಸ ನಿಜಕ್ಕೂ ಶುರುವಾಗುವುದು ಇದೇ ಬೆಷೆಯಿಂದ. 1897ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿ ಕ್ಲಾರಿನೆಟ್ ವಾದಕನಾಗಿ ಬೆಳೆದ ಅವನಿಗೆ, ಮೊದಲ ಮಹಾಯುದ್ಧ ಮುಗಿದ ಹೊಸದರಲ್ಲಿ ಲಂಡನ್ನಿನಲ್ಲಿ ನೇರ ಕೊಳವೆಯ ಸೊಪ್ರನೊ ಸ್ಯಾಕ್ಸೊಫೋನ್ ಸಿಕ್ಕಿತು. ಆ ಕಾಲದ ಜಾಜ್‌ನಲ್ಲಿ ಅದೂ ಅಪರೂಪದ್ದೇ. 1941ರ ಏಪ್ರಿಲ್ 18ರಂದು ನ್ಯೂಯಾರ್ಕಿನ ವಿಕ್ಟರ್ ಸ್ಟುಡಿಯೋದಲ್ಲಿ ‘ದ ಶೇಕ್ ಆಫ್ ಅರಬಿ’ ಹಾಡಿಗೆ ಕ್ಲಾರಿನೆಟ್, ಸೊಪ್ರನೊ, ಟೆನರ್, ಪಿಯಾನೊ, ಬಾಸ್, ಡ್ರಮ್ಸ್ ಆರನ್ನೂ ಅವನೊಬ್ಬನೇ ನುಡಿಸಿದ. ಅದೇ ದಿನದ ‘ಬ್ಲೂಸ್ ಆಫ್ ಬೆಷೆ’ಯಲ್ಲಿ ಬಾಸ್, ಡ್ರಮ್ಸ್ ಇಲ್ಲ; ಉಳಿದ ನಾಲ್ಕು ಇವೆ. ತಟ್ಟೆಯ ಮೇಲೆ ಅಚ್ಚಾದ ಹೆಸರು ‘ಸಿಡ್ನಿ ಬೆಷೆಯ ಒನ್ ಮ್ಯಾನ್ ಬ್ಯಾಂಡ್’.

ಅಮೆರಿಕದ ಸ್ಟುಡಿಯೋಗಳಲ್ಲಿ ಆಗಿನ್ನೂ ಟೇಪ್ ಇರಲಿಲ್ಲ. ಮೊದಲ ವಾದ್ಯವನ್ನು ಒಂದು ತಟ್ಟೆಯಲ್ಲಿ ಕೊರೆದು, ಅದನ್ನು ಮತ್ತೆ ನುಡಿಸುತ್ತ, ಅದರ ಜೊತೆಗೆ ಎರಡನೆಯ ವಾದ್ಯವನ್ನು ಸೇರಿಸಿ ಇನ್ನೊಂದು ತಟ್ಟೆಗೆ ಕೊರೆಯಬೇಕು. ಆರನೆಯ ವಾದ್ಯ ಬರುವ ಹೊತ್ತಿಗೆ ಮೊದಲನೆಯದು ಹಲವು ನಕಲುಗಳನ್ನು ದಾಟಿ ಬಂದಿರುತ್ತದೆ. ಅದರ ಹೊಳಪು ಹೋಗಿ ಗೀರುಸದ್ದು ಹೆಚ್ಚಿರುತ್ತದೆ. ಒಮ್ಮೆ ಬೆರೆತದ್ದನ್ನು ಬಿಡಿಸುವಂತಿಲ್ಲ, ಪಿಯಾನೊ ಮಂಕಾಯಿತೆಂದು ಆಮೇಲೆ ಏರಿಸುವಂತಿಲ್ಲ. ‘ಶೇಕ್’ ಕೇಳಿದರೆ ಇದು ಗೊತ್ತಾಗುತ್ತದೆ. ಲಯವಾದ್ಯಗಳು ಗೋಡೆಯಾಚೆಯಿಂದ ಬಂದಂತಿವೆ, ಕ್ಲಾರಿನೆಟ್ ಮಾತ್ರ ಎದುರಿಗೇ ನಿಂತಿದೆ. ಸಂಗೀತವಾಗಿ ಅದು ಬೆಷೆಯ ಶ್ರೇಷ್ಠ ಮುದ್ರಿಕೆಯೇನಲ್ಲ. ತನ್ನದೇ ಡ್ರಮ್ಸ್ ಅವನನ್ನು ಹುರಿದುಂಬಿಸುವಂತೆ ತೋರುವುದಿಲ್ಲ. ಆದರೆ ಸೊಪ್ರನೊ ಮತ್ತು ಕ್ಲಾರಿನೆಟ್ ಒಂದನ್ನೊಂದು ಹೆಣೆದುಕೊಳ್ಳುವ ಕಡೆ, ಆ ದಪ್ಪ ಕಂಪಿತ ಎರಡರಲ್ಲೂ ಒಂದೇ ಅಳತೆಯಲ್ಲಿ ಅಲುಗುವಾಗ, ಇಬ್ಬರು ಬೇರೆ ವಾದಕರಿಂದ ಎಂದೂ ಬಾರದ ಬಣ್ಣವೊಂದು ಹೊರಡುತ್ತದೆ. ಮುಂದಿನವರೆಲ್ಲ ಬೆನ್ನುಹತ್ತಿದ್ದು ಈ ಬಣ್ಣವನ್ನೇ.

ಕೂಡಲೇ ಯಾರೂ ಅನುಸರಿಸಲಿಲ್ಲ. ಯಂತ್ರವು ವಾದಕರ ಅನ್ನ ಕಸಿಯುತ್ತದೆಂಬ ಆತಂಕ ದಟ್ಟವಾಗಿದ್ದ ಕಾಲವದು. 1942ರ ಆಗಸ್ಟ್ 1ರಿಂದ ಅಮೆರಿಕದ ಸಂಗೀತಗಾರರ ಒಕ್ಕೂಟ ಧ್ವನಿಮುದ್ರಣವನ್ನೇ ಬಹಿಷ್ಕರಿಸಿತು. ಆ ಮುಷ್ಕರ ಪೂರ್ತಿ ಮುಗಿದದ್ದು 1944ರಲ್ಲಿ. ತಟ್ಟೆಯಿಂದ ತಟ್ಟೆಗೆ ಪೇರಿಸುವ ಕೆಲಸವನ್ನು ಜನಪ್ರಿಯಗೊಳಿಸಿದವನು ಗಿಟಾರ್ ವಾದಕ ಲೆಸ್ ಪಾಲ್. ಅವನ ‘ಲವರ್’ 1948ರಲ್ಲಿ ಹೊರಬಂತು. 1957ರಲ್ಲಿ ಆಂಪೆಕ್ಸ್ ಕಂಪನಿ ಅವನಿಗಾಗಿ ಎಂಟು ಟ್ರ್ಯಾಕಿನ ಯಂತ್ರ ಮಾಡಿಕೊಟ್ಟಿತು. ಹಳೆಯ ಟ್ರ್ಯಾಕನ್ನು ಮುದ್ರಣದ ಹೆಡ್ಡಿನಿಂದಲೇ ಕೇಳಿಸಿಕೊಳ್ಳುತ್ತ ಪಕ್ಕದ ಟ್ರ್ಯಾಕಿಗೆ ತಾಳ ತಪ್ಪದಂತೆ ನುಡಿಸುವ ಏರ್ಪಾಡು ಅದರಲ್ಲಿತ್ತು. ನಕಲಿನ ಮೇಲೆ ನಕಲು ಮಾಡುವ ಕಷ್ಟ ಅಲ್ಲಿಗೆ ಮುಗಿಯಿತು.

ಜಾಜ್ ವಿಮರ್ಶಕರ ಅಸಮಾಧಾನ ಮುಗಿಯಲಿಲ್ಲ. ಜಾಜ್ ಎಂದರೆ ಆ ಕ್ಷಣದ ಸಂವಾದ. ಒಬ್ಬನೇ ಎಲ್ಲವನ್ನೂ ನುಡಿಸಿದರೆ ಪ್ರಶ್ನೆ ಕೇಳಿದವನಿಗೇ ಉತ್ತರ ಮೊದಲೇ ಗೊತ್ತಲ್ಲ ಎಂಬುದು ಆಕ್ಷೇಪ. ಲೆನಿ ಟ್ರಿಸ್ಟಾನೊ 1955ರಲ್ಲಿ ಟೇಪಿನ ವೇಗ ಬದಲಿಸಿ ಪಿಯಾನೊ ಪದರಗಳನ್ನು ಸೇರಿಸಿದಾಗ ಅದು ದೊಡ್ಡ ಜಗಳವೇ ಆಯಿತು. 1963ರಲ್ಲಿ ಬಿಲ್ ಎವಾನ್ಸ್ ‘ಕಾನ್ವರ್ಸೇಷನ್ಸ್ ವಿತ್ ಮೈಸೆಲ್ಫ್’ನಲ್ಲಿ ಮೂರು ಪಿಯಾನೊ ಪದರಗಳನ್ನು ಹೆಣೆದು ಗ್ರ್ಯಾಮಿ ಗೆದ್ದ ಮೇಲೆ ವಿರೋಧ ತಣ್ಣಗಾಯಿತು. ಇವೆರಡರ ನಡುವೆ, 1958ರಲ್ಲಿ, ಸುಷಿರದವರ ಪೈಕಿ ಗಿಗಿ ಗ್ರೈಸ್ ಮೆಟ್ರೊಜಾಜ್ ಸಂಸ್ಥೆಗೆ ಮಾಡಿದ ಮುದ್ರಿಕೆಯಲ್ಲಿ ಹಲವು ವಾದ್ಯಗಳನ್ನು ತಾನೇ ನುಡಿಸಿ ಇಡೀ ಸಾಲನ್ನು ಕಟ್ಟಿದ. ಇಂದು ಅದನ್ನು ನೆನೆಯುವವರು ಕಡಿಮೆ, ನೆನೆಯಬೇಕಾದದ್ದು.

ಈ ದಾರಿಗೆ ಬೆನ್ನುಹಾಕಿ ನಿಂತ ಒಬ್ಬನನ್ನು ಇಲ್ಲಿ ಹೇಳದಿದ್ದರೆ ಇತಿಹಾಸ ಅರ್ಧವಾಗುತ್ತದೆ. ಒಹಾಯೊದ ಕೊಲಂಬಸ್‌ನಲ್ಲಿ ಹುಟ್ಟಿ ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ರೋಲಂಡ್ ಕರ್ಕ್, ಹಳೆಯ ವಾದ್ಯಗಳ ರಾಶಿಯಲ್ಲಿ ಎರಡು ವಿಚಿತ್ರಗಳನ್ನು ಹೆಕ್ಕಿದ. ಒಂದು ಬುಷರ್ ಕಂಪನಿಯ ನೇರ ಕೊಳವೆಯ ಆಲ್ಟೊ. ಅದನ್ನು ಅವನು ‘ಸ್ಟ್ರಿಚ್’ ಎಂದ. ಇನ್ನೊಂದು ಕಿಂಗ್ ಕಂಪನಿಯ ಸಾಕ್ಸೆಲೊ ಎಂಬ ಬಾಗಿದ ಸೊಪ್ರನೊ. ಅದರ ಬಾಯಿ ದೊಡ್ಡದು ಮಾಡಿಸಿ ‘ಮಂಜೆಲೊ’ ಎಂದ. ಟೆನರಿನ ಜೊತೆ ಈ ಎರಡನ್ನೂ ಒಟ್ಟಿಗೆ ಬಾಯಲ್ಲಿಟ್ಟು, ಉಸಿರು ಕಡಿಯದೆ, ಮೂರು ಸ್ವರಗಳ ಸಾಲನ್ನು ವೇದಿಕೆಯ ಮೇಲೆ ಕಣ್ಣೆದುರೇ ನುಡಿಸಿದ. 1961ರ ‘ವೀ ಫ್ರೀ ಕಿಂಗ್ಸ್’ ಕೇಳಿದವರು ಇದು ಸ್ಟುಡಿಯೋದ ಕೈಚಳಕವೆಂದು ಶಂಕಿಸಿದರೆ ತಪ್ಪಿಲ್ಲ. 1971ರಲ್ಲಿ ಬಂದ ‘ನ್ಯಾಚುರಲ್ ಬ್ಲ್ಯಾಕ್ ಇನ್ವೆನ್ಷನ್ಸ್: ರೂಟ್ ಸ್ಟ್ರಾಟಾ’ ಅವನು ಹೆಚ್ಚುಕಡಿಮೆ ಒಂಟಿಯಾಗಿಯೇ ಕಟ್ಟಿದ ಮೇಳ. 1975ರಲ್ಲಿ ಪಾರ್ಶ್ವವಾಯು ಬಡಿದು ಒಂದು ಕೈ ನಿಂತಾಗಲೂ ಉಳಿದ ಕೈಯಿಂದ ನುಡಿಸುತ್ತಲೇ ಇದ್ದು, 1977ರ ಡಿಸೆಂಬರ್ 5ರಂದು ತೀರಿಕೊಂಡ. ಬೆಷೆ ಕಾಲವನ್ನು ಮಡಚಿ ಮಾಡಿದ್ದನ್ನು ಕರ್ಕ್ ದೇಹದಿಂದಲೇ ಮಾಡಿದ. ಆದರೆ ಮೂರು ವಾದ್ಯಕ್ಕೆ ಇರುವುದು ಎರಡೇ ಕೈ. ಮೂರೂ ದನಿಗಳು ಸ್ವತಂತ್ರವಾಗಿ ನಡೆಯಲಾರವು. ಹೆಣೆದ ಬಹುಸ್ವರ ಬೇಕಾದವನು ಸ್ಟುಡಿಯೋಗೇ ಮರಳಬೇಕಿತ್ತು.

ಹಾಗೆ ಮರಳಿ, ಈ ಪದ್ಧತಿಯನ್ನು ಚಮತ್ಕಾರದಿಂದ ರಚನೆಯ ಮಟ್ಟಕ್ಕೆ ಏರಿಸಿದವನು ಇಂಗ್ಲೆಂಡಿನ ಜಾನ್ ಸರ್ಮನ್. 1944ರಲ್ಲಿ ಡೆವನ್ ಪ್ರಾಂತದ ಟ್ಯಾವಿಸ್ಟಾಕ್‌ನಲ್ಲಿ ಹುಟ್ಟಿದವನು. ಬಾಲ್ಯದಲ್ಲಿ ಚರ್ಚಿನ ಗಾಯನವೃಂದದಲ್ಲಿ ಹಾಡುತ್ತಿದ್ದ. ದನಿಯ ಮೇಲೆ ದನಿ ಕೂರುವ ಆ ಅಭ್ಯಾಸ ಅವನ ಮುದ್ರಿಕೆಗಳಲ್ಲೆಲ್ಲ ಕೇಳಿಸುತ್ತದೆ. 1972ರ ‘ವೆಸ್ಟರಿಂಗ್ ಹೋಮ್’ನಲ್ಲಿ ಎಲ್ಲವನ್ನೂ ತಾನೇ ನುಡಿಸಿದ. ಮರುವರ್ಷ ಮೈಕ್ ಆಸ್ಬರ್ನ್, ಅಲನ್ ಸ್ಕಿಡ್‌ಮೋರ್ ಜೊತೆ ‘ಎಸ್.ಓ.ಎಸ್.’ ಎಂಬ ಮೂವರೇ ಸ್ಯಾಕ್ಸೊಫೋನಿಗರ ತಂಡ ಕಟ್ಟಿದ. ಅಂದರೆ ಎದುರಿಗೇ ನಿಂತು ನುಡಿಸುವ ಜೊತೆಗಾರರೊಂದಿಗೂ ಇದೇ ಹೆಣಿಗೆಯನ್ನು ಪರೀಕ್ಷಿಸಿ ನೋಡಿದ. 1979ರಲ್ಲಿ ಇಸಿಎಂ ಸಂಸ್ಥೆಗಾಗಿ ಓಸ್ಲೋದಲ್ಲಿ ಮುದ್ರಿಸಿದ ‘ಅಪಾನ್ ರಿಫ್ಲೆಕ್ಷನ್’ ಅವನ ಹೆಗ್ಗುರುತು. ಸಿಂಥಸೈಜರಿನ ಸುತ್ತುವ ಸ್ವರಮಾಲೆ ನೆಲವಾಗುತ್ತದೆ, ಬಾಸ್ ಕ್ಲಾರಿನೆಟ್ ನಡುಮನೆಯಲ್ಲಿ ನಡೆದಾಡುತ್ತದೆ, ಮೇಲೆ ಬ್ಯಾರಿಟೋನ್ ಮತ್ತು ಸೊಪ್ರನೊ. 1985ರ ‘ವಿತ್‌ಹೋಲ್ಡಿಂಗ್ ಪ್ಯಾಟರ್ನ್’, 1990ರ ‘ರೋಡ್ ಟು ಸೇಂಟ್ ಐವ್ಸ್’, 2012ರ ‘ಸಾಲ್ಟಾಶ್ ಬೆಲ್ಸ್’ ಇದೇ ದಾರಿಯವು. ಕೊನೆಯದರಲ್ಲಿ ಕಾಂಟ್ರಾಬಾಸ್ ಕ್ಲಾರಿನೆಟ್ಟೂ ಉಂಟು. ಸರ್ಮನ್‌ನ ಗುಣವೆಂದರೆ ಖಾಲಿ ಬಿಡುವುದು. ಟ್ರ್ಯಾಕುಗಳು ಎಷ್ಟು ಬೇಕಾದರೂ ಇವೆಯೆಂದು ತುಂಬುವವರ ನಡುವೆ ಅವನು ನಾಲ್ಕು ಪದರಕ್ಕೇ ನಿಲ್ಲಬಲ್ಲ. ಅದೇ ಸಂಸ್ಥೆಗೆ ನಾರ್ವೆಯ ಯಾನ್ ಗಾರ್ಬಾರೆಕ್ 1986ರಲ್ಲಿ ‘ಆಲ್ ದೋಸ್ ಬಾರ್ನ್ ವಿತ್ ವಿಂಗ್ಸ್’ ಎಂಬ ಏಕಾಂಗಿ ಮುದ್ರಿಕೆ ಮಾಡಿದ.

ಯೂಸೆಫ್ ಲತೀಫ್‌ನ ದಾರಿ ಬೇರೆ. ಡೆಟ್ರಾಯಿಟ್‌ನಲ್ಲಿ ಬೆಳೆದ ಈ ಟೆನರ್ ವಾದಕ ಓಬೊ, ಬಸೂನ್, ಅರಬ್ಬರ ಅರ್ಗೂಲ್, ನಮ್ಮ ಶಹನಾಯಿ, ತಾನೇ ಮಾಡಿಕೊಂಡ ಬಿದಿರಿನ ಕೊಳಲುಗಳನ್ನೆಲ್ಲ ಜಾಜ್‌ಗೆ ತಂದ. 1961ರ ‘ಈಸ್ಟರ್ನ್ ಸೌಂಡ್ಸ್’ನಲ್ಲಿ ಚೀನಾದ ಶುನ್ ಎಂಬ ಮಣ್ಣಿನ ಗುಂಡುಗೊಳಲಿದೆ. 1980ರ ದಶಕದ ಮೊದಲಲ್ಲಿ ನೈಜೀರಿಯಾದ ಜರಿಯಾದಲ್ಲಿ ಕೆಲವು ವರ್ಷ ಸಂಶೋಧನೆ ಮಾಡಿ ಅಮೆರಿಕಕ್ಕೆ ಹಿಂತಿರುಗಿದ ಮೇಲೆ, 1987ರಲ್ಲಿ ‘ಲಿಟಲ್ ಸಿಂಫನಿ’ಯ ಎಲ್ಲ ವಾದ್ಯಗಳನ್ನೂ ಒಬ್ಬನೇ ಪದರಪದರವಾಗಿ ನುಡಿಸಿದ. ಅದಕ್ಕೆ ಗ್ರ್ಯಾಮಿ ಬಂತು, ಆದರೆ ಜಾಜ್ ವಿಭಾಗದಲ್ಲಲ್ಲ, ನ್ಯೂ ಏಜ್ ವಿಭಾಗದಲ್ಲಿ. ಪ್ರಶಸ್ತಿ ಸಮಿತಿಗಳಿಗೆ ಇಂಥ ಸಂಗೀತವನ್ನು ಯಾವ ಕಪಾಟಿನಲ್ಲಿಡಬೇಕೆಂಬುದು ಇಂದಿಗೂ ತಿಳಿದಂತಿಲ್ಲ.

ದಕ್ಷಿಣ ಭಾರತದ ವಾದ್ಯವೂ ಈ ಹುಡುಕಾಟದಲ್ಲಿ ಸಿಕ್ಕಿದೆ. ಬಾಸ್ಟನ್ನಿನ ಆಲ್ಟೊ ವಾದಕ ಚಾರ್ಲಿ ಮರಿಯಾನೊ 1960ರ ದಶಕದಲ್ಲಿ ಮಲೇಷ್ಯಾದಲ್ಲಿ ನಾಗಸ್ವರ ಕೇಳಿ ಮಾರುಹೋದ. ಬಳಿಕ ದಕ್ಷಿಣ ಭಾರತಕ್ಕೇ ಬಂದು ಕಲಿತ. ಅವನ ಮುದ್ರಿಕೆಗಳಲ್ಲಿ ಆಲ್ಟೊ, ಕೊಳಲುಗಳ ಪಕ್ಕ ನಾಗಸ್ವರ ನಿಂತಿತು. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಹಾಗೂ ಗಾಯಕಿ ಆರ್.ಎ. ರಮಾಮಣಿ ಅವರೊಂದಿಗೆ ಅವನು ಮಾಡಿದ ‘ಜ್ಯೋತಿ’ 1983ರಲ್ಲಿ ಇಸಿಎಂನಿಂದ ಬಂತು. ಅದು ಏಕವ್ಯಕ್ತಿ ಪ್ರಯೋಗವಲ್ಲ, ತಂಡದ್ದು.

ಸ್ಟುಡಿಯೋದಲ್ಲಿ ಈ ಕೆಲಸ ಮಾಡುವವರನ್ನು ಹೆಚ್ಚು ಕಾಡುವುದು ಶ್ರುತಿ. ಕೊಳವೆಯೊಳಗಿನ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ; ಅರ್ಧಸ್ವರವೆಂದರೆ 100 ಸೆಂಟ್. ಬೆಳಗಿನ ತಣ್ಣನೆಯ ಕೋಣೆಯಲ್ಲಿ ಮುದ್ರಿಸಿದ ಬಾಸ್ ಕ್ಲಾರಿನೆಟ್ಟಿಗೆ ಸಂಜೆಯ ಸೊಪ್ರನೊ ಸುಮ್ಮನೆ ಕೂಡುವುದಿಲ್ಲ. ದೊಡ್ಡ ವಾದ್ಯ ಕಾಯಲು ಹೊತ್ತು ಹಿಡಿಯುತ್ತದೆ, ಪುಟ್ಟದ್ದು ಬೇಗ ಕಾದು ಮೇಲಕ್ಕೆ ಓಡುತ್ತದೆ. ಇದರ ಜೊತೆಗೆ ಹಳೆಯ ಅಮೆರಿಕನ್ ವಾದ್ಯಗಳಲ್ಲಿ ‘ಹೈ ಪಿಚ್’ ಎಂಬ ಬಗೆಯಿದೆ. ಇಂದಿನ ಎ ಸ್ವರ 440 ಹರ್ಟ್ಸ್ ಇದ್ದರೆ ಅವುಗಳದು ಸುಮಾರು 457. ಬಾಯಿತುಂಡನ್ನು ಹೊರಕ್ಕೆಳೆದರೆ ಒಂದು ಸ್ವರ ಸರಿಹೋದೀತು, ಉಳಿದವುಗಳ ನಡುವಿನ ಅಂತರವೇ ಕೆಡುತ್ತದೆ. ಮೋಸಹೋಗಿ ಇಂಥದನ್ನು ಕೊಂಡ ಸಂಗ್ರಾಹಕರಿಗೆ ಲೆಕ್ಕವಿಲ್ಲ. ಮಂದ್ರದ ತುದಿಯಲ್ಲಿ ಇನ್ನೊಂದು ತೊಡಕು. ಸುಮಾರು 2 ಮೀಟರ್ ಎತ್ತರದ ಕಾಂಟ್ರಾಬಾಸ್ ಸ್ಯಾಕ್ಸೊಫೋನಿನ ಅತಿ ಕೆಳಸ್ವರ 35 ಹರ್ಟ್ಸ್‌ನ ಆಸುಪಾಸಿನದು. ಸಣ್ಣ ಸ್ಪೀಕರಿನಲ್ಲಿ ಅದರ ಮೂಲನಾದ ಕೇಳಿಸದೆ ಬರಿಯ ಗುರುಗುರು ಉಳಿಯುತ್ತದೆ. ಪದರ ಹೆಚ್ಚಿದಂತೆ ಕೀಲಿಗಳ ಟಕಟಕ, ಉಸಿರೆಳೆದ ಸದ್ದು ಎಲ್ಲವೂ ಗುಣಿಸಿಕೊಳ್ಳುತ್ತವೆ. ಹೆಚ್ಚಿನವರು ತಳದ ವಾದ್ಯದಿಂದ ಆರಂಭಿಸಿ ಮೇಲಕ್ಕೆ ಕಟ್ಟುತ್ತಾರೆ, ಏಕೆಂದರೆ ಮೇಲಿನ ದನಿಗಳು ಶ್ರುತಿ ಹೊಂದಿಸಿಕೊಳ್ಳಲು ತಳ ಬೇಕು.

1979ರಲ್ಲಿ ಟ್ಯಾಸ್ಕಾಮ್‌ನ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರ, 1990ರ ದಶಕದಲ್ಲಿ ಕಂಪ್ಯೂಟರ್ ಮುದ್ರಣ ಬಂದ ಮೇಲೆ ಸ್ಟುಡಿಯೋದ ಬಾಡಿಗೆಯ ಗೊಡವೆ ತಪ್ಪಿತು. ಮನೆಯ ಕೋಣೆಯಲ್ಲೇ ಸ್ಯಾಕ್ಸೊಫೋನ್ ಹತ್ತು ಪದರ ಏರತೊಡಗಿತು. ಲಂಡನ್ನಿನ ಜೇಕಬ್ ಕೊಲಿಯರ್ 2016ರಲ್ಲಿ ಮನೆಯ ಕೋಣೆಯಲ್ಲೇ ಮಾಡಿದ ‘ಇನ್ ಮೈ ರೂಮ್’ ಸುಷಿರದ್ದಲ್ಲದಿದ್ದರೂ, ಪರದೆಯನ್ನು ಚೌಕ ಚೌಕವಾಗಿ ಸೀಳಿ ಒಬ್ಬನೇ ಹತ್ತಾರು ಮಂದಿಯಾಗಿ ಕಾಣಿಸಿಕೊಳ್ಳುವ ಅವನ ವಿಡಿಯೋಗಳ ರೂಪವನ್ನು ಸುಷಿರದವರೂ ಅಪ್ಪಿಕೊಂಡರು. ಹಳೆಯ ವಾದ್ಯಗಳ ಬೇಡಿಕೆಯೂ ಏರಿತು. ನ್ಯೂಜೆರ್ಸಿಯ ಸ್ಕಾಟ್ ರಾಬಿನ್ಸನ್ ಕಾಂಟ್ರಾಬಾಸ್ ಸ್ಯಾಕ್ಸೊಫೋನನ್ನು ಜಾಜ್ ವೇದಿಕೆಗೆ ತಂದರು. ಸಿ-ಮೆಲಡಿಗೇ ಮೀಸಲಾದ ಮುದ್ರಿಕೆಯನ್ನೂ ಮಾಡಿದರು. ಜರ್ಮನಿಯ ಮ್ಯೂನಿಕ್‌ನಲ್ಲಿ ಬೆನೆಡಿಕ್ಟ್ ಎಪ್ಪೆಲ್‌ಶೈಮ್, ಸೊಪ್ರನೊಗಿಂತ ಒಂದು ಸ್ಥಾಯಿ ಮೇಲಿನ ಸೊಪ್ರಿಲೊವನ್ನೂ, ಕಿರಿದಾದ ಕೊಳವೆಯ ಕಾಂಟ್ರಾಬಾಸ್ ಆದ ಟುಬಾಕ್ಸನ್ನೂ ರೂಪಿಸಿದ. ರೋಮ್ ಬಳಿಯ ಫಿಯುಮಿಚಿನೊದಲ್ಲಿ 2019ರಿಂದ ಸ್ಯಾಕ್ಸೊಫೋನಿಗೇ ಒಂದು ಸಂಗ್ರಹಾಲಯವಿದೆ.

ಟ್ರ್ಯಾಕುಗಳು ಹೀಗೆ ಅಗ್ಗವಾದ ಕಾಲದಲ್ಲೇ ಕೆಲವರು ಕರ್ಕ್‌ನ ಕಡೆಗೆ ತಿರುಗಿದ್ದಾರೆ. ಬಾಸ್ ಸ್ಯಾಕ್ಸೊಫೋನ್ ಮತ್ತು ಕಾಂಟ್ರಾಬಾಸ್ ಕ್ಲಾರಿನೆಟ್ ನುಡಿಸುವ ಕೋಲಿನ್ ಸ್ಟೆಟ್ಸನ್ 2011ರ ‘ನ್ಯೂ ಹಿಸ್ಟರಿ ವಾರ್‌ಫೇರ್’ ಸರಣಿಯ ಎರಡನೆಯ ಮುದ್ರಿಕೆಯಲ್ಲಿ ಸ್ಯಾಕ್ಸೊಫೋನನ್ನು ಪದರವಾಗಿ ಪೇರಿಸಲಿಲ್ಲ. ವಾದ್ಯದ ಮೈಗೆ, ಕೋಣೆಗೆ, ತನ್ನ ಕೊರಳಿಗೂ ಇಪ್ಪತ್ತಕ್ಕೂ ಹೆಚ್ಚು ಮೈಕ್ ಹಚ್ಚಿ ಒಂದೇ ಉಸಿರಿನ ಓಟದಲ್ಲಿ ನುಡಿಸಿದ. ಕೀಲಿಯ ಬಡಿತ ಡ್ರಮ್ಸ್ ಆಯಿತು, ಗಂಟಲ ಗುನುಗು ರಾಗವಾಯಿತು, ರೀಡ್ ಆಧಾರಶ್ರುತಿ ಹಿಡಿಯಿತು. ಒಂದು ವಾದನದ ಬೇರೆ ಬೇರೆ ಸದ್ದುಗಳು ಬೇರೆ ಬೇರೆ ಟ್ರ್ಯಾಕ್‌ಗಳಿಗೆ ಹೋದವು, ಮಿಶ್ರಣ ಮಾಡುವಾಗ ಅವು ಬೇರೆ ಬೇರೆ ವಾದ್ಯಗಳಂತೆ ನಿಂತವು.