ಜಾತಿಯ ಬಲ ಜಾತಿಯವರೆಲ್ಲರ ಬಲವೇ?

ಬಾಣಾವರ ಹೋಬಳಿಯಲ್ಲಿ ಎರಡೆಕರೆ ತೆಂಗು ನಂಬಿಕೊಂಡ ಲಿಂಗಾಯತ ರೈತನಿಗೆ ‘ನಿಮ್ಮದು ಮುಂದುವರಿದ ಜಾತಿ’ ಎಂದರೆ, ಮಳೆಯಿಲ್ಲದೆ ಸುಳಿ ಒಣಗಿದ ಮರ ತೋರಿಸಿ ‘ಎಲ್ಲಿ ಮುಂದುವರಿದಿದ್ದೀನಿ ಹೇಳಿ’ ಎಂದಾನು. ನ್ಯಾಯವಾದ ಪ್ರಶ್ನೆ. ಅಮೆರಿಕದ ಬಡ ಬಿಳಿಯರು ಕೇಳುವುದೂ ಇದನ್ನೇ. ಅಲ್ಲಿ ಬಣ್ಣ, ಇಲ್ಲಿ ಜಾತಿ. ಹಳೇ ಮೈಸೂರಿನಲ್ಲಿ ಈ ವಾದಕ್ಕೆ ನೂರು ವರ್ಷ ದಾಟಿದೆ.

1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಸರ್ಕಾರಿ ಕಚೇರಿಗಳಲ್ಲಿ ಬ್ರಾಹ್ಮಣರೇ ತುಂಬಿದ್ದ ಕಾಲ. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕೆಂದು 1919ರ ವರದಿ ಹೇಳಿತು. ಎಳೆದದ್ದು ಒಂದೇ ಗೆರೆ. ಅಡುಗೆ ಕೆಲಸ ಮಾಡಿ ಬದುಕುತ್ತಿದ್ದ ಬ್ರಾಹ್ಮಣನೂ ದಿವಾನರ ಸಾಲಿಗೆ ಸೇರಿದ. ಊರ ಜಮೀನ್ದಾರನೂ ಅವನ ಹೊಲದ ಆಳೂ ಒಟ್ಟಿಗೆ ಹಿಂದುಳಿದವರಾದರು. ಆದರೂ ಅಂದಿನ ಏಕಸ್ವಾಮ್ಯ ಮುರಿಯಲು ಅಷ್ಟು ದಪ್ಪನೆಯ ಗೆರೆಯೇ ಬೇಕಿತ್ತೆಂದು ನನ್ನ ನಂಬಿಕೆ.

ಗೆರೆ ಎಷ್ಟು ತೆಳುವಾಗಬಹುದೆಂಬುದು ಗೊತ್ತಾದದ್ದು 1960ರಲ್ಲಿ ನೇಮಕವಾದ ನಾಗನಗೌಡ ಸಮಿತಿಯಿಂದ. ಸಾವಿರ ಜನಕ್ಕೆ ಎಷ್ಟು ಮಕ್ಕಳು ಪ್ರೌಢಶಾಲೆಯಲ್ಲಿದ್ದಾರೆ ಎಂಬುದೇ ಅದರ ಅಳತೆ. ರಾಜ್ಯದ ಸರಾಸರಿ 6.9, ಲಿಂಗಾಯತರದ್ದು 7.1. ಸರ್ಕಾರ ಸರಾಸರಿಯನ್ನು 7 ಎಂದು ಹಿಡಿದು, ಅದರ ಆಸುಪಾಸಿನವರನ್ನೂ ಹಿಂದುಳಿದವರೆಂದಿತು. ಒಂದು ದಶಾಂಶದಿಂದ ಬೀದರಿನಿಂದ ಅರಸೀಕೆರೆಯವರೆಗಿನ ಇಡೀ ಸಮುದಾಯದ ಸ್ಥಾನ ತೀರ್ಮಾನವಾಯಿತು. ಮಠದ ಹಾಸ್ಟೆಲಿನಲ್ಲಿ ಓದಿ ಎಂಜಿನಿಯರ್ ಆದವನೂ ಶಾಲೆಯ ಮುಖ ಕಾಣದ ಒಣಭೂಮಿಯ ಹುಡುಗಿಯೂ ಅದೇ 7.1ರೊಳಗಿದ್ದರು. ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ 68ರಷ್ಟು ಸೀಟು ಕಾದಿರಿಸಿದ 1962ರ ಆದೇಶವನ್ನು ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿತು: ಜಾತಿಯೊಂದೇ ಮಾನದಂಡವಾಗಬಾರದು, ಸರಾಸರಿಗಿಂತ ತುಸು ಆಚೀಚೆ ಇದ್ದ ಮಾತ್ರಕ್ಕೆ ಹಿಂದುಳಿದಂತಲ್ಲ.

ಆಗ ಸರ್ಕಾರ ಇನ್ನೊಂದು ತುದಿಗೆ ಹೋಯಿತು. ಜಾತಿ ಕೈಬಿಟ್ಟು, ಕುಟುಂಬದ ಕಸುಬು ನೋಡಿ, ವರ್ಷಕ್ಕೆ 1200 ರೂಪಾಯಿಯ ಆದಾಯ ಮಿತಿ ಇಟ್ಟಿತು. 1964ರಲ್ಲಿ ಚಿತ್ರಲೇಖಾ ಪ್ರಕರಣದಲ್ಲಿ ಕೋರ್ಟ್ ಇದನ್ನು ಒಪ್ಪಿತು. ಬಡವನಿಗೆ ಬಾಗಿಲು ತೆರೆದದ್ದು ನಿಜ. ಆದರೆ ತಲೆಮಾರುಗಳಿಂದ ಅಕ್ಷರ ಬಲ್ಲ ಮನೆಯ ಬಡತನವೂ ಕುರಿ ಕಾಯುವ ಮನೆಯ ಬಡತನವೂ ಒಂದೇ ತೂಕಕ್ಕೆ ಬಂದವು.

ಇದೇ ಹೊತ್ತಿಗೆ ಸಮಾಜಶಾಸ್ತ್ರಜ್ಞರಲ್ಲೂ ವಾದ ಎದ್ದಿತ್ತು. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ 1948ರಲ್ಲಿ ಉಳಿದು, ಅದನ್ನು ‘ರಾಂಪುರ’ ಎಂದು ಕರೆದ ಎಂ.ಎನ್. ಶ್ರೀನಿವಾಸ್, ಸಂಖ್ಯೆ, ಜಮೀನು, ಹೊಸ ವಿದ್ಯೆಗಳಿಂದ ಒಂದು ಜಾತಿ ಹೇಗೆ ಪ್ರಬಲವಾಗುತ್ತದೆಂದು 1959ರಲ್ಲಿ ವಿವರಿಸಿದ್ದರು. 1968ರಲ್ಲಿ ಎಸ್.ಸಿ. ದುಬೆ ತಕರಾರು ಎತ್ತಿದರು: ಬಲ ಇರುವುದು ಜಾತಿಯ ಕೆಲವರ ಕೈಯಲ್ಲಿ, ಇಡೀ ಜಾತಿಯಲ್ಲಲ್ಲ. ದುಬೆ ಅರ್ಧ ಸರಿ. ಪಂಚಾಯಿತಿಯ ಗುತ್ತಿಗೆ, ಸೊಸೈಟಿಯ ಸಾಲ ಕೆಲವೇ ಮನೆಗಳಿಗೆ ಸೇರುತ್ತವೆ, ಹೌದು. ಆದರೆ ಅದೇ ಜಾತಿಯ ಬಡವನನ್ನು ಗುಡಿಯ ಹೊಸ್ತಿಲಲ್ಲಿ ಯಾರೂ ತಡೆಯುವುದಿಲ್ಲ. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ಬಸವೇಶ್ವರ ದೇವಸ್ಥಾನ ಹೊಕ್ಕ ದಲಿತ ಹೆಣ್ಣುಮಕ್ಕಳಿಗೆ ದಂಡ ಹಾಕಿದ ಸುದ್ದಿ ಬಂತು. ಆ ಹೊಸ್ತಿಲ ಬೆಲೆ ಯಾವ ಆದಾಯ ಪ್ರಮಾಣಪತ್ರದಲ್ಲೂ ಇಲ್ಲ. ಬಿಳಿಯ ಕೂಲಿಗಾರನಿಗೆ ಕಡಿಮೆ ಕೂಲಿಯ ಜೊತೆಗೆ ಮರ್ಯಾದೆಯ ಕೂಲಿಯೊಂದು ಸಿಗುತ್ತದೆಂದು ಅಮೆರಿಕದ ಸಮಾಜಶಾಸ್ತ್ರಜ್ಞ ಡಬ್ಲ್ಯು.ಇ.ಬಿ. ಡುಬಾಯ್ಸ್ 1935ರಲ್ಲೇ ಬರೆದದ್ದು ಇದನ್ನೇ. ಹಾಗಾಗಿ ನನ್ನ ಮಟ್ಟಿಗೆ, ಜಾತಿಯ ಮರ್ಯಾದೆ ಜಾತಿಯವರೆಲ್ಲರಿಗೂ ಸಿಗುತ್ತದೆ, ಜಾತಿಯ ಸಂಪತ್ತು ಸಿಗುವುದಿಲ್ಲ. ಎರಡನ್ನೂ ಒಂದೇ ಅಂಕಿಯಲ್ಲಿ ಅಳೆಯಹೋದ ಕಡೆಯಲ್ಲೆಲ್ಲ ಅನ್ಯಾಯವಾಗಿದೆ.

ದೇವರಾಜ ಅರಸರು ನೇಮಿಸಿದ ಎಲ್.ಜಿ. ಹಾವನೂರ ಆಯೋಗ 1975ರಲ್ಲಿ ಲಿಂಗಾಯತರನ್ನು ಹಿಂದುಳಿದವರ ಪಟ್ಟಿಯಿಂದ ಹೊರಗಿಟ್ಟಾಗ ಎದ್ದ ಸಿಟ್ಟು ಈಗಲೂ ಹಿರಿಯರ ನೆನಪಿನಲ್ಲಿದೆ. ವೆಂಕಟಸ್ವಾಮಿ ಆಯೋಗ (1986) ಒಕ್ಕಲಿಗರನ್ನೂ ಹೊರಗಿಡಲು ಹೇಳಿತು, ಸರ್ಕಾರ ಒಪ್ಪಲಿಲ್ಲ. ಚಿನ್ನಪ್ಪ ರೆಡ್ಡಿ ಆಯೋಗದ (1990) ಬಳಿಕವೂ ಎರಡೂ ಸಮುದಾಯಗಳು ಹಿಂದುಳಿದವರ 3ಎ, 3ಬಿ ಪ್ರವರ್ಗಗಳಲ್ಲಿ ಉಳಿದವು. 1992ರ ಇಂದಿರಾ ಸಾಹ್ನಿ ತೀರ್ಪಿನಲ್ಲಿ ‘ಕೆನೆಪದರ’ದ ನಿಯಮ ಬಂತು; ಹಿಂದುಳಿದ ಜಾತಿಯ ಒಳಗೂ ಉಳ್ಳವರಿದ್ದಾರೆಂದು ಕಾನೂನು ಒಪ್ಪಿದ್ದು ಹೀಗೆ. 2019ರ 103ನೇ ತಿದ್ದುಪಡಿ ಮೇಲ್ಜಾತಿಯೊಳಗೂ ಇಲ್ಲದವರಿದ್ದಾರೆಂದು ಶೇ 10 ಮೀಸಲಾತಿ ಕೊಟ್ಟಿತು. ಮಾತು ಸರಿ, ಅಳತೆ ತಪ್ಪು: ವರ್ಷಕ್ಕೆ ಎಂಟು ಲಕ್ಷದ ಮಿತಿಯಲ್ಲಿ ನಿಜವಾದ ಬಡವ ಮತ್ತೆ ಹಿಂದೆ ಬೀಳುತ್ತಾನೆ. ಪರಿಶಿಷ್ಟರ, ಹಿಂದುಳಿದವರ ನಡುವಿನ ಬಡವರನ್ನು ಅದರಿಂದ ಹೊರಗಿಟ್ಟದ್ದನ್ನು ಸುಪ್ರೀಂ ಕೋರ್ಟಿನ 2022ರ ತೀರ್ಪಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಒಪ್ಪಲಿಲ್ಲ.

ಪ್ರಶ್ನೆ ಈಗ ಇನ್ನೂ ಒಳಗೆ ಇಳಿದಿದೆ. ಪರಿಶಿಷ್ಟ ಜಾತಿಗಳನ್ನು ಒಳವರ್ಗೀಕರಿಸಬಹುದೆಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್ 1ರಂದು ಹೇಳಿತು. ರಾಜ್ಯದ 101 ಪರಿಶಿಷ್ಟ ಜಾತಿಗಳ ಸ್ಥಿತಿ ಅಧ್ಯಯನ ಮಾಡಿದ ನಾಗಮೋಹನ್ ದಾಸ್ ಆಯೋಗ, ತೀರಾ ಕೆಳಗಿರುವ 59 ಅಲೆಮಾರಿ ಮತ್ತು ಸೂಕ್ಷ್ಮ ಸಮುದಾಯಗಳಿಗೆ ಶೇ 1 ಪ್ರತ್ಯೇಕವಾಗಿಡಲು ಶಿಫಾರಸು ಮಾಡಿತ್ತು. 2025ರ ಆಗಸ್ಟ್‌ನಲ್ಲಿ ಸಚಿವ ಸಂಪುಟ ದಲಿತರ ಎಡಗೈ ಗುಂಪಿಗೆ ಶೇ 6, ಬಲಗೈ ಗುಂಪಿಗೆ ಶೇ 6, ಉಳಿದವರಿಗೆ ಶೇ 5 ಎಂದು ಹಂಚಿ, ಅಲೆಮಾರಿಗಳನ್ನು ಲಂಬಾಣಿ, ಭೋವಿಗಳಂಥ ದೊಡ್ಡ ಸಮುದಾಯಗಳ ಜೊತೆ ಆ ಐದರೊಳಗೇ ಸೇರಿಸಿತು. ತಮ್ಮ ಶೇ 1 ತಮಗೆ ಬೇಕೆಂದು ಅಲೆಮಾರಿಗಳು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿ ಕೂತರು.